ಗ್ವಾದಲಿಯ ಮೇಲೊಂದು ಹಲಗೆ

ತೊಂಬತ್ತೆಂಟರ ಮುಂಗಾರು. ಬಸವನ ಬಾಗೇವಾಡಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು ಮಸೂತಿ ಬಸ್ಸಿಗೆ ಕಾಯುತ್ತಿದ್ದರು. ಕಿರಿಯಳ ತೊಡೆಯ ಮೇಲೆ ಕುಬಸದ ಬಟ್ಟೆಗಳ ಗಂಟು. ಹಿರಿಯಳು ಕೇಳಿದಳು:

“ಎತ್ತು ಮಾರಿದ ಮ್ಯಾಲ ದನಾ ಕಟ್ಟೂ ಅಂಕಣ ಏನ್ ಮಾಡಿದಿ, ಮಹಾನಂದಾ?”

“ನೆಲಕ್ಕ ಫರಸಿ ಕಲ್ಲು ಹಾಸಿಸಿದೆ, ಕಾಶಕ್ಕಾ. ಹಗಲೆಲ್ಲಾ ಅಲ್ಲೇ ಹೊಲಿತೇನಿ. ಸಂಜಿಗೆ ಹುಡುಗೂರು ಓದಕೋತಾವ. ಬೀಗರು ಬಂದ್ರ ಅಲ್ಲೇ ಹಾಸಗಿ.”

“ಮೇವು ಹಾಕೂ ಗ್ವಾದಲಿ ಒಡಿಸಿದೇನು?”

“ಅತ್ತಿಯವ್ರು ಬಿಡಲಿಲ್ಲ. ದನಾ ಮೇಯ್ದ ಗ್ವಾದಲಿ ಒಡೀಬಾರದಂತ ಎರಡು ದಿನಾ ಉಣ್ಣಲಿಲ್ಲ. ಕಡೀಕ ಮ್ಯಾಲೊಂದು ಹಲಗಿ ಹಾಕಿದೆ. ಬಟ್ಟಿ ಕತ್ತರಸಾಕ ಟೇಬಲ್ ಆತು. ಒಳಗ ಹಾಸಗಿ ಸುತ್ತಿ ಇಡ್ತೇನಿ.”

“ಈಗರ ಸಿಟ್ಟು ಇಳದೈತೇನು?”

“ಈಗ ಬಂದವರಿಗೆಲ್ಲಾ, ‘ಹಲಗಿ ಹಾಕಂತ ನಾನ ಹೇಳಿದ್ದು’ ಅಂತಾರ.”

ಬಸ್ಸು ಬಂತು. ಇಬ್ಬರೂ ಎದ್ದರು.

“ವರ್ಷಾ ಗ್ವಾದಲ್ಯಾಗ ಮಣ್ಣೆತ್ತು ಕೂಡ್ರಿಸಿ ಪೂಜಿ ಮಾಡ್ತಿದ್ರಲ್ಲ. ಮೊನ್ನಿ ಅಮಾಸಿಗೆ ಎಲ್ಲಿ ಕೂಡ್ರಿಸಿದ್ರಿ?”

“ಅತ್ತಿಯವ್ರ ಕೂಡ್ರಿಸಿದ್ರು. ನನ್ನ ಹೊಲಿಗಿ ಮಷಿನ್ ಮ್ಯಾಲ. ‘ಈಗ ಈ ಅಂಕಣದಾಗ ಇದ ದುಡಿಯೋ ಎತ್ತು’ ಅಂದ್ರು.”

ಮಹಾನಂದಾ ಗಂಟನ್ನು ತಲೆಯ ಮೇಲಿಟ್ಟುಕೊಂಡು ಎಲ್ಲರಿಗಿಂತ ಮೊದಲು ಬಸ್ಸು ಹತ್ತಿದಳು.