ಹೊರಗೆ ಹೋದ ಟೈಮು

ಅದೇ ಮತ್ತೆ, ನಿಮ್ಮಜ್ಜಿ ಈ ಹೆಬ್ಬೆಟ್ಟಿಂದ್ಲೇ ಆಗಿದ್ದೆಲ್ಲಾ. ನೋಡವ್ವ, ಮುಟ್ಟಿ ನೋಡು, ಗೆರೆ ಏನಾರ ಸಿಕ್ಕುತ್ತಾ? ಚಿಕ್ಕೋಳಿದ್ದಾಗಿಂದ ಐ.ಡಿ.ಹಳ್ಳೀಲಿ ಹುಣಸೆಹಣ್ಣು ಕುಟ್ಟಿ, ಬೀಜ ಬಿಡ್ಸಿ, ನಾರು ತೆಗ್ದು ಎಲ್ಲಾ ಸವ್ದೋಗೈತೆ. ರೇಷನ್ ಅಂಗಡೀಲೂ ಇದೇ ಗೋಳು, ನಿಮ್ಮಪ್ಪನೇ ಬಂದು ಒತ್ಬೇಕು. ಬುಡು, ರೇಷನ್ ಮಾತು ಯಾಕೀಗ. ಸೋಮವಾರದಿಂದ ಕೆಲ್ಸುಕ್ಕೆ ಹೋಗ್ತೀನಿ, ಅಲ್ಲೂ ಹೆಬ್ಬೆಟ್ಟು ಒತ್ಬೇಕಂತೆ ಅಂದ್ಯಲ್ಲ, ಅದಕ್ಕೇ ಆ ಗಾರ್ಮೆಂಟ್ಸ್ ಕತೆ ತೆಗ್ದಿದ್ದು.

ಆಗ ನಾನು ಮಧುಗಿರಿ ರಸ್ತೇಲಿದ್ದ ಒಂದು ಗಾರ್ಮೆಂಟ್ಸಲ್ಲಿ ಶರ್ಟಿಗೆ ತೋಳು ಕೂರ್ಸೋಳು. ನನ್ ಹಿಂದಿನ ಮಿಷಿನ್ನಲ್ಲಿ ಗಂಗಮ್ಮ, ಅವಳದ್ದು ಕಾಲರು. ಪಾವಗಡ ಕಡೆಯೋಳು, ಅರ್ಧ ತೆಲುಗು ಅರ್ಧ ಕನ್ನಡ. ಊಟಕ್ಕೆ ಇಬ್ರೂ ಒಂದೇ ಡಬ್ಬಿ ಮುಚ್ಚಳದಲ್ಲಿ ಪಲ್ಯ ಹಾಕ್ಕೊಂಡು ತಿನ್ನೋರು. ಒಂದಿನ ಬಾಗ್ಲಲ್ಲಿ ಹೆಬ್ಬೆಟ್ಟು ಒತ್ತೋ ಮಿಷಿನ್ ತಂದಿಟ್ರು ಕಣವ್ವ. ಬೆಳಿಗ್ಗೆ ಒತ್ತುದ್ರೆ ಬಂದಂಗೆ, ಸಾಯಂಕಾಲ ಒತ್ತುದ್ರೆ ಹೋದಂಗೆ. ಎಲ್ರುದೂ ಕುಯ್ ಅಂತು, ನಂದೊಂದು ಅನ್ಲಿಲ್ಲ. ಸೂಪರ್‌ವೈಸರು, ನನ್ ಮಗನ ವಯಸ್ಸಿನೋನು, ಗಂಡಸರಿಗೆಲ್ಲಾ 'ಬನ್ನಿ ಹೋಗಿ', ನಮ್ಗೆ ಮಾತ್ರ 'ಲೇ'. "ಒರುಸ್ಕೊಂಡು ಒತ್ತೇ" ಅಂದ. ಸೆರಗಲ್ಲಿ ಒರುಸ್ಕೊಂಡೆ. ಊಹೂಂ. "ಹೆಬ್ಬೆಟ್ಟು ಅಂತ ಬೈಯಾಣ ಅಂದ್ರೆ ನಿಂಗೆ ಹೆಬ್ಬೆಟ್ಟೂ ಇಲ್ವಲ್ಲೇ!" ಅಂದ್ಬುಟ್ಟ. ಲೈನೆಲ್ಲಾ ನಕ್ತು. ನಾನೂ ನಕ್ಕೆ ಅನ್ನು, ಇನ್ನೇನ್ ಮಾಡ್ಲಿ. ಆಮೇಲೆ ಗೇಟಿನೋನ ಹತ್ರ ನನಗೊಬ್ಳಿಗೆ ಅಂತ ಒಂದು ನೋಟ್‌ಬುಕ್ ಇಟ್ರು. ಹೆಸ್ರು, ಬಂದ ಟೈಮು, ಹೊರಗೆ ಹೋದ ಟೈಮು, ಸೈನು. ಅಕ್ಷರ ನಾನು ನಿಮ್ಮಪ್ಪನ ಸ್ಲೇಟಲ್ಲೇ ಕಲ್ತಿದ್ದೆ, ಗೊತ್ತಲ್ಲ. ಗುಂಡಗೆ ಬರೀತಿದ್ದೆ.

ಈಗ ಕೇಳು. ಐದೂವರೆಗೆ ಬೆಲ್ಲು. ಎಲ್ರೂ ಎದ್ದೋಗಿ ಹೆಬ್ಬೆಟ್ಟು ಒತ್ತಿ ವಾಪಸ್ ಬಂದು ಮಿಷಿನ್ ಮುಂದೆ ಕುಂತ್ಕೊಳೋರು. ಟಾರ್ಗೆಟ್ ಮುಗೀಬೇಕಲ್ಲ, ಏಳು ಗಂಟೆ ತನಕ ಹೊಲ್ಯೋದು. ಹೆಬ್ಬೆಟ್ಟು ಮಿಷಿನ್ ಲೆಕ್ಕದಲ್ಲಿ ಐದೂವರೆಗೇ ಮನೆಗೋಗಿದ್ರು, ಹೆಚ್ಚು ಹೊತ್ತು ದುಡಿದಿದ್ದಕ್ಕೆ ಓಟಿ ಇಲ್ಲ ಏನಿಲ್ಲ. ನಾನು ಜಾಣೆ ಅಂದ್ಕೊಬ್ಯಾಡ, ನಂಗೆ ಆ ಮರ್ಮ ಗೊತ್ತಿರ್ಲಿಲ್ಲ. 'ಹೊರಗೆ ಹೋದ ಟೈಮು' ಅಂತಿತ್ತಲ್ಲ, ಹೊರಗೆ ಹೋಗೋವಾಗ ಗಡಿಯಾರ ನೋಡಿ ಬರೀತಿದ್ದೆ. ಏಳು. ಏಳೂ ಹತ್ತು. ಗೇಟಿನೋನೂ ನೋಡ್ತಿರ್ಲಿಲ್ಲ. ಒಂದು ವರ್ಷ, ಅಲ್ಲಲ್ಲ, ವರ್ಷದ ಮೇಲೆ ಆಯ್ತು ಇಂಗೇ ಬರ್ದು.

ಯಾರೋ ಅರ್ಜಿ ಹಾಕಿದ್ರಂತೆ, ಲೇಬರ್ ಆಫೀಸಿಂದ ಒಬ್ರು ಮೇಡಂ ಬಂದ್ರು. ಹೆಬ್ಬೆಟ್ಟು ಮಿಷಿನ್ ನೋಡುದ್ರೆ ಎಲ್ಲಾ ಸರಿಗೈತೆ. ಹೊರಟಿದ್ರು ಪಾಪ, ಗೇಟಲ್ಲಿ ನನ್ ನೋಟ್‌ಬುಕ್ ಕಣ್ಣಿಗೆ ಬಿತ್ತು. ಅದನ್ನ ಹಿಡ್ಕೊಂಡು ವಾಪಸ್ ಲೈನಿಗೇ ಬಂದು ನನ್ನ ಕೇಳುದ್ರು. "ಏನಮ್ಮ, ಎಲ್ರೂ ಐದೂವರೆಗೆ ಹೋಗ್ತಾರೆ, ನೀವೊಬ್ರೇ ಏಳರ ತನಕ ಏನ್ ಮಾಡ್ತಿದ್ರಿ?" ಮ್ಯಾನೇಜರು ಮಧ್ಯ ಬಾಯಿ ಹಾಕ್ದ, "ವಯಸ್ಸಾದೋರು ಮೇಡಂ, ಕೈ ನಿಧಾನ. ಟೈಮು ತಪ್ಪಾಗಿ ಬರ್ದವ್ರೆ, ಅಲ್ವೇನಮ್ಮ?" ಅಂತ ಕಣ್ಣು ಬಿಟ್ಟ. ಹೂಂ ಅಂದಿದ್ರೆ ಮುಗೀತಿತ್ತು. ತಿರುಗಿ ನೋಡ್ದೆ, ಲೈನಲ್ಲಿ ಒಬ್ರೂ ತಲೆ ಎತ್ಲಿಲ್ಲ. ಗಂಗಮ್ಮ ಮೆಲ್ಲಗೆ, "ಮನಕೆಂದುಕಕ್ಕಾ ಈ ಗೊಡವ," ನಮ್ಗ್ಯಾಕಕ್ಕ ಈ ಗಲಾಟೆ ಅಂತ. ನಂಗೆ ಕೈ ನಿಧಾನ ಅಂದಿದ್ದು ನೋಡು, ಅದು ಚುಚ್ಚಿಬುಡ್ತು. "ಒಬ್ಳೇ ಹೆಂಗೆ ಹೊಲೀಲಿ ಮೇಡಂ? ಹಿಂದಿನೋಳು ಕಾಲರ್ ಹಾಕಿ ಕೊಟ್ರೆ ತಾನೆ ನಾನು ತೋಳು ಕೂರ್ಸೋದು? ನಾನು ಏಳರ ತನಕ ಇದ್ದೆ ಅಂದ್ರೆ ಲೈನೆಲ್ಲಾ ಇತ್ತು" ಅಂದ್ಬುಟ್ಟೆ. ಮೇಡಂ ನೋಟ್‌ಬುಕ್ ಬ್ಯಾಗಿಗೆ ಹಾಕ್ಕೊಂಡ್ರು.

ಮಾರನೇ ದಿನದಿಂದ ನನ್ನ ಮಿಷಿನ್ನಿಂದ ಎಬ್ಬಿಸಿ ಮೂಲೇಲಿ ದಾರ ಕತ್ತರ್ಸೋಕೆ ಕೂರ್ಸುದ್ರು. ಅದು ಹೋಗ್ಲಿ. ಫ್ಯಾಕ್ಟರಿ ಮುಚ್ತಾರಂತೆ, ಇವಳಿಂದ ನಮ್ಮೆಲ್ರ ಅನ್ನ ಹೋಯ್ತು ಅಂತ ಗುಲ್ಲು ಎಬ್ಬಿಸ್ಬುಟ್ರು. ಊಟಕ್ಕೆ ನಾನು ಕುಂತ್ರೆ ಪಕ್ಕದೋರು ಎದ್ದೋಗೋರು. ವ್ಯಾನಲ್ಲಿ ನಿಂತ್ಕೊಂಡು ಬರೋರು, ನನ್ ಪಕ್ಕದ ಸೀಟು ಖಾಲಿ. ಗಂಗಮ್ಮನೂ ಅಷ್ಟೇ. ಅವಳಿಗೆ ಅಂತ ಡಬ್ಬಿಗೆ ಜಾಸ್ತಿ ಪಲ್ಯ ಹಾಕೋ ರೂಢಿ ಬಿಡೋಕೆ ಆಗ್ಲಿಲ್ಲ ನಂಗೆ, ದಿನಾ ಮಿಗೋದು, ಮನೆಗೆ ತಂದು ಕರೀಗೆ ಹಾಕ್ತಿದ್ದೆ. ಯಾವ ಕರಿ ಅಂದ್ಯಾ? ನಾಯಿ ಕಣೇ, ನೀನು ನೋಡಿಲ್ಲ. ನಿಮ್ಮ ತಾತ ಹೋದಾಗ್ಲೂ ನಾನು ಅಷ್ಟು ಒಂಟಿ ಆಗಿರ್ಲಿಲ್ಲ ಕಣವ್ವ. ಆಗ ಅಳೋಕಾದ್ರೂ ಜೊತೆಗೆ ಜನ ಇದ್ರು.

ಆರೇಳು ತಿಂಗ್ಳು ಆದ್ಮೇಲೆ ಆ ನೋಟ್‌ಬುಕ್ ಲೆಕ್ಕದ ಮೇಲೆ ಎಲ್ರಿಗೂ ಓಟಿ ಬಂತು, ಹೆಚ್ಚು ಮಾಡಿದ ಕೆಲ್ಸುಕ್ಕೆ ಎರಡು ಪಟ್ಟು. ಫ್ಯಾಕ್ಟರಿ ಮುಚ್ಲೂ ಇಲ್ಲ. ಗಂಗಮ್ಮ ಹೊಸಾ ಓಲೆ ಹಾಕ್ಕೊಂಡು ಬಂದ್ಲು. ವ್ಯಾನಲ್ಲಿ ಮುಂದಿನ ಸೀಟಿನೋಳಿಗೆ "ಓಟಿ ಬಂತಲ್ಲಕ್ಕ, ಅದ್ರಲ್ಲೇ ತಗೊಂಡೆ" ಅಂತ ತೋರಿಸ್ತಿದ್ಲು. ಹಿಂದಿನ ಸೀಟಲ್ಲಿ ನಾನು. ಚೆನ್ನಾಗವೆ ಕಣೇ ಅನ್ನಾಣ ಅಂತ ಬಾಯಿ ತೆಗ್ದೆ. ಅವಳು ತಿರುಗ್ಲಿಲ್ಲ.

ಅದಕ್ಕೇ ಹೇಳ್ತಿರೋದು. ಹೊರಗೆ ಹೋದ ಟೈಮು ಹೊರಗೆ ಹೋಗೋವಾಗ್ಲೇ ಒತ್ತು. ನಿನ್ ಕೈಲಿ ಆಗ್ಲಿಲ್ವಾ, ಹೋಗ್ಲಿ, ಅಂಗೆ ಒತ್ತಿದೋಳು ಒಬ್ಳು ಇರ್ತಾಳೆ. ಊಟದ ಹೊತ್ತಿಗೆ ಅವಳ ಪಕ್ಕ ಹೋಗಿ ಕುಂತ್ಕೊ. ಅಷ್ಟು ಮಾಡು ಸಾಕು. ಏಳು, ದೀಪ ಹಚ್ಚು.