ನನ್ನ ಸೋಪಿನೊಳಗಿದ್ದ ಪದಕ

ಪದಕ ಸಿಕ್ಕಿದೆ, ಕಳ್ಳತನ ಆಗಿಯೇ ಇಲ್ಲ, ಸೋಪಿನ ಪಾಕ ಬೇಯಿಸುವ ತಾತನನ್ನು ದಯವಿಟ್ಟು ಈಗಲೇ ಮನೆಗೆ ಕಳುಹಿಸಿ!

ಹೇಳಿಕೆ ಕೊಡುವವಳು: ದೂರು ಕೊಟ್ಟಿರುವ ಸೋಪು ಕಾರ್ಖಾನೆ ಮಾಲೀಕರ ಸೊಸೆ. ವಯಸ್ಸು: ಇಪ್ಪತ್ನಾಲ್ಕು. ಉದ್ಯೋಗ: ಮದುವೆಯಾಗಿ ಎರಡು ವಾರವೂ ಆಗಿಲ್ಲ, ಇನ್ನೂ ಹುಡುಕಿಲ್ಲ. ವಾಸ: ಕಾರ್ಖಾನೆಯ ಹಿಂದಿನ ಮನೆ; ಸದ್ಯ ಈ ಊರಿನಲ್ಲಿ ನನ್ನ ಅಕ್ಕನ ಮನೆ. ಇಲ್ಲಿನ ಠಾಣೆಯವರು ಬರೆದುಕೊಂಡು ನಮ್ಮೂರಿನ ಠಾಣೆಗೆ ಕಳುಹಿಸಲೆಂದು ತಿಳಿಸುವುದೇನೆಂದರೆ:

ನನ್ನ ಗಂಡನ ಮುತ್ತಜ್ಜನ ಸೋಪಿಗೆ ನೂರು ವರ್ಷಕ್ಕೂ ಹಿಂದೆ, ಹೊರದೇಶದ ದೊಡ್ಡ ಅಂತರರಾಷ್ಟ್ರೀಯ ವಸ್ತುಪ್ರದರ್ಶನದಲ್ಲಿ ಕಂಚಿನ ಪದಕ ಬಂದಿತ್ತು. ಅದರ ಚಿತ್ರ ಇಂದಿಗೂ ನಮ್ಮ ಸೋಪಿನ ಹೊದಿಕೆಯ ಮೇಲಿದೆ. ಮನೆಗೆ ಸೊಸೆ ಬಂದ ದಿನ ಮಾತ್ರ ನಿಜವಾದ ಪದಕವನ್ನು ಹೊರತೆಗೆದು, ಅವಳ ಹೆಸರಿನಲ್ಲಿ ಎರೆದ ಒಂದು ಸೋಪಿಗೆ ಒತ್ತುತ್ತಾರೆ. ಸೋಪು ಸ್ವಲ್ಪ ಬಿಗಿದ ಮೇಲೆ ಪದಕ ಬಿಡಿಸಿದರೆ ಗುರುತು ಉಳಿಯುತ್ತದೆ.

ನನ್ನ ಸೋಪಿಗೆ ಪದಕ ಒತ್ತಿದವರು ಕಾರ್ಖಾನೆಯಲ್ಲಿ ಪಾಕ ಬೇಯಿಸುವ ಹಳೆಯ ಕೆಲಸಗಾರ, ನಾವೆಲ್ಲ ತಾತ ಎನ್ನುವವರು. ಇದು ನಿನ್ನದಮ್ಮಾ, ನೀನೊಬ್ಳೇ ಹಚ್ಕೋ, ಗಂಡಂಗೆ ಕೊಟ್ಟೀಯ ಮತ್ತೆ, ಒಂದೇ ವಾರದಲ್ಲಿ ಕರಗಿಸ್ತಾನೆ ಎಂದು ನಗಿಸಿ, ಕಡಾಯಿಯ ಉರಿ ತಗ್ಗಿಸಲು ಹೋದರು. ಅಷ್ಟರಲ್ಲಿ ಮಾವ ಬಂದರು. ಫೋಟೋಗೆಂದು ಕನ್ನಡಕ ತೆಗೆದು ಜೇಬಿಗಿಟ್ಟಿದ್ದರು. ಅಚ್ಚಿನೊಳಗೆ ಬಗ್ಗಿ ನೋಡಿ, ಇಷ್ಟು ತೆಳ್ಳಗಾ, ನನ್ನ ಸೊಸೆ ಏನು ಲಾಡ್ಜಿಗೆ ಬಂದಿದ್ದಾಳಾ ಎಂದು, ಒಂದು ಸೌಟು ಬಿಸಿ ಪಾಕವನ್ನು ಮೇಲೆ ಸುರಿದರು. ನಾನು ಪಕ್ಕದಲ್ಲೇ ಇದ್ದೆ. ಶಾಸ್ತ್ರವೇ ಹೀಗಿರಬೇಕು ಎಂದುಕೊಂಡೆ. ನಿಜ ಹೇಳಬೇಕೆಂದರೆ, ಆಗ ನಾನು ಗಂಡನನ್ನೇ ನೋಡುತ್ತಿದ್ದೆ.

ತಾತ ಹಿಂದಿರುಗಿದಾಗ ಪದಕದ ಡಬ್ಬಿ ಮುಚ್ಚಿತ್ತು. ಯಜಮಾನರೇ ಬಿಡಿಸಿ ಒಳಗಿಟ್ಟಿದ್ದಾರೆ ಎಂದುಕೊಂಡಿರಬೇಕು, ಅವರು ತೆರೆದು ನೋಡಲಿಲ್ಲ. ತಾತ ಇಟ್ಟಿರುತ್ತಾನೆ ಎಂದುಕೊಂಡೋ ಏನೋ, ಮಾವ ಡಬ್ಬಿಯನ್ನು ಹಾಗೆಯೇ ಬೀರುವಿಗೆ ಸೇರಿಸಿದರು.

ನಿನ್ನೆ ಬೆಳಿಗ್ಗೆ ಅತ್ತೆ ಫೋನ್ ಮಾಡಿ, ಡಬ್ಬಿ ಖಾಲಿ ಇದೆ, ತಾತನನ್ನು ಠಾಣೆಗೆ ಕರೆದೊಯ್ದು ಕೂರಿಸಿದ್ದಾರೆ, ತುತ್ತು ಅನ್ನವನ್ನೂ ಮುಟ್ಟುತ್ತಿಲ್ಲ ಎಂದರು. ದಿನವಿಡೀ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಇಂದು ಏಳೂವರೆಗೆ ಸ್ನಾನ ಮಾಡುವಾಗ, ಜೊತೆಗೆ ತಂದಿದ್ದ ಆ ನನ್ನ ಸೋಪಿನಿಂದ ಗಟ್ಟಿ ಅಂಚೊಂದು ಅಂಗೈಗೆ ತಾಗಿತು. ಉಗುರಿನಿಂದ ಕೆರೆದೆ. ಕಂಚು! ನಾನು ಕಿರುಚಿದ ರಭಸಕ್ಕೆ ಗಂಡ ಹಲ್ಲಿಯೆಂದುಕೊಂಡು ಪೊರಕೆ ಹಿಡಿದು ಓಡಿ ಬಂದರು.

ಸೌಟು ಹಿಡಿದವರು ಮಾವ ಎಂದು ನಾನು ಹೇಳಿದಾಗ ಗಂಡನ ನಗು ನಿಂತಿತು. ಪದಕ ಸಿಕ್ಕಿತು ಅಂದರೆ ಸಾಕಲ್ವಾ, ಸೌಟಿನ ಮಾತು ಬೇಡ, ಬಂದ ಹೊಸದರಲ್ಲೇ ಅಪ್ಪನ ಕೆಂಗಣ್ಣಿಗೆ ಯಾಕೆ ಬೀಳ್ತೀಯಾ ಎಂದರು. ಸೌಟು ಬಿಟ್ಟರೆ, ತಾತನೇ ಬಚ್ಚಿಟ್ಟಿದ್ದ ಅಂತಾರೆ ರೀ ಎಂದೆ. ಅವರು ಪೊರಕೆಯನ್ನು ಮೂಲೆಗಿಟ್ಟು ಆಟೋ ಕರೆದರು. ಈಗ ಠಾಣೆಯ ಹೊರಗಿನ ಬೆಂಚಿನಲ್ಲಿದ್ದಾರೆ.

ಪದಕವನ್ನು ನಾನು ಬಿಡಿಸಿಲ್ಲ. ಸೋಪನ್ನು ಹಾಗೇ ಟವೆಲಿನಲ್ಲಿ ಸುತ್ತಿಟ್ಟಿದ್ದೇನೆ. ಅದನ್ನು ಎಲ್ಲರೆದುರು ತಾತನೇ ಬಿಡಿಸಬೇಕು, ಮಾವ ಕನ್ನಡಕ ಹಾಕಿಕೊಂಡು ನೋಡಬೇಕು ಎಂದು ಕೇಳಿಕೊಳ್ಳುತ್ತೇನೆ.

ಇದಿಷ್ಟೂ ನಾನು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು. ಓದಿಸಿ ಕೇಳಿದ್ದೇನೆ, ಸರಿಯಾಗಿದೆ.

ಸ್ಥಳ: ಅಕ್ಕನ ಮನೆಯ ಹತ್ತಿರದ ಠಾಣೆ
ದಿನ: ಮಂಗಳವಾರ
ಸಹಿ: (ಸೊಸೆ)

ಸೋಪಿನೊಂದಿಗೆ ನಾಳೆ, ಬುಧವಾರ, ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ನಮ್ಮೂರಿಗೆ ಬಂದಿಳಿಯುತ್ತೇನೆ.