ಮೂರನೇ ಅಧ್ಯಾಯದ ಸೋದರತ್ತೆ

ವಾಡಿ ಸ್ಟೇಷನ್ನಿನಲ್ಲಿ ಶಹಾಬಾದಿನ ಗಾಡಿಗೆ ಕಾದಿದ್ದ ಐಶ್ವರ್ಯಳ ಕಿವಿ ಪಕ್ಕದ ಬೆಂಚಿನತ್ತ ಹೊರಳಿತು. ಹೈದರಾಬಾದಿನ ಕಾಲೇಜಿನಲ್ಲಿ ಕಾದಂಬರಿ ಬರೆಯಲು ಕಲಿಯುತ್ತಿದ್ದ ಮೈತ್ರಿಯನ್ನು ಅಲ್ಲಿಗೆ ಹೋಗುವ ಗಾಡಿ ಹತ್ತಿಸಲು ಸೋದರತ್ತೆ ಯಂಕಮ್ಮ ಬಂದಿದ್ದಳು.

“ಮೂರನೇ ಅಧ್ಯಾಯಕ್ಕೇ ನನ್ನ ಸಾಯಿಸಿದೇನ, ಪೋರಿ?”

“ನಿನ್ನಲ್ಲ ಅತ್ತಿ, ನಿನ್ನಂಥಾಕಿನ್ನ. ಕ್ಲಾಸಿಗೆ ಕ್ಲಾಸೇ ಕಣ್ಣೀರ ಹಾಕ್ತು!”

“ಮಾಸ್ತರೂ?”

“ಅವರು ಅಳಲಿಲ್ಲ. ಸಾಯಿಸೋದು ಸಲೀಸದ, ಬದುಕಿಸಿ ನೋಡು, ನಾಳಿಗೇ ಬರಕೊಂಡು ಬಾ ಅಂದಾರ. ನನಗೇನೂ ಹೊಳೀವಲ್ದು.”

“ನಾ ಸತ್ತ ಮ್ಯಾಲ ನಿಮ್ಮ ಮಾಮ ಏನ್ ಮಾಡ್ತಾನ?”

“ಇನ್ನೊಂದು ಲಗ್ನ ಆಗ್ತಾನ.”

“ಹೌದಾ? ಹಂಗಾದ್ರ ನಾ ಸಾಯಂಗಿಲ್ಲ, ಬರಿ!”

ಮೈತ್ರಿ ಪುಟಿದೆದ್ದಳು. “ಬದುಕಿ ಏನ್ ಮಾಡ್ತಿ ಅತ್ತಿ? ಲಗೂ ಹೇಳು, ಗಾಡಿ ಬಂತು!”

“ಅಂವ ನೋಡಿಟ್ಟ ಹೊಸಾ ಹೆಣ್ಣಿನ ಮನಿಗೆ ನಾನೇ ಹೋಗ್ತೀನಿ.”

“ಹೋಗಿ?”

“ಕುಂತು ಚಾ ಕುಡೀತೀನಿ.”

“ಆಮ್ಯಾಲ?” ಗಾಡಿ ಹತ್ತಿ ಡಬ್ಬಿಯ ಬಾಗಿಲಲ್ಲಿ ನಿಂತು ಮೈತ್ರಿ ಕೂಗಿದಳು.

ಯಂಕಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ತಾನೂ ಹತ್ತಿಬಿಟ್ಟಳು.

“ಅತ್ತಿ, ಟಿಕೇಟು!”

“ದಂಡ ಕಟ್ತೀನಿ. ಮುಂದ ಸೇಡಂ ಸ್ಟೇಷನ್ನಿನಾಗ ಇಳೀತೀನಿ, ಅಲ್ಲಿತನಕ ನೀ ಬರಕೋ. ಚಾ ಕುಡದು ಆಕಿನ್ನ ಕೇಳ್ತೀನಿ…”

ಏನು ಕೇಳುತ್ತಾಳೆಂದು ಐಶ್ವರ್ಯ ಕಿಟಕಿಯ ತನಕ ಓಡಿ ಬರುವಷ್ಟರಲ್ಲಿ ಗಾಡಿ ಪ್ಲಾಟ್‌ಫಾರ್ಮು ದಾಟಿತ್ತು.